ಗುರುತಿನವರಿಲ್ಲದ ಊರಿನ ಡಾಕ್ಟರು

ಹೊಳೆನರಸೀಪುರದಲ್ಲಿ ನಾನು ನೋಡುವ ರೋಗಿಗಳಲ್ಲಿ ಬಹಳ ಮಂದಿ ಆ ಊರಿನವರಲ್ಲ. ಇದಕ್ಕೆ ಕಾರಣ ಏನೆಂದು ಅರ್ಥವಾಗಲು ನನಗೆ ಕೆಲವು ವರ್ಷಗಳೇ ಹಿಡಿದವು. ಮೊದಮೊದಲು ನನ್ನ ಕೈಗುಣದ ಮಾತು ದೂರ ಹಬ್ಬಿದೆ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದೆ. ಹಾಸನದ ಆಚೆಯಿಂದ, ಚನ್ನರಾಯಪಟ್ಟಣದ ಕಡೆಯಿಂದ ಬಸ್ಸು ಬದಲಾಯಿಸಿಕೊಂಡು, ದಾರಿಯಲ್ಲಿ ಸಿಗುವ ಡಾಕ್ಟರುಗಳನ್ನೆಲ್ಲ ಬಿಟ್ಟು ನನ್ನ ಹತ್ತಿರ ಬರುತ್ತಿದ್ದರು. ನಿಧಾನವಾಗಿ ತಿಳಿಯಿತು. ಅವರು ಬರುತ್ತಿದ್ದದ್ದು ನನಗಾಗಿ ಅಲ್ಲ, ಇಲ್ಲಿ ಅವರ ಗುರುತಿನವರು ಯಾರೂ ಇಲ್ಲ ಅನ್ನುವುದಕ್ಕಾಗಿ. ಟಿ.ಬಿ. ಬಂದವರು, ಮಕ್ಕಳಾಗದವರು, ಕುಡಿತ ಬಿಡಬೇಕೆಂದವರು, ಮೂರ್ಛೆ ಬರುವ ಮಗಳನ್ನು ಕರೆದುಕೊಂಡು ಬರುವ ಅಪ್ಪಂದಿರು. ಹೊಳೆನರಸೀಪುರದವರು ಅದೇ ಕಾರಣಕ್ಕೆ ಬೇರೆ ಊರಿಗೆ ಹೋಗುತ್ತಿದ್ದರು.

ನಮ್ಮದು ಚಿಕ್ಕ ಟ್ರಸ್ಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಕಡೆ ನಾಲ್ಕು ಸಣ್ಣ ಕ್ಲಿನಿಕ್ಕು. ಒಂದೊಂದರಲ್ಲೂ ಒಬ್ಬ ಡಾಕ್ಟರು, ಒಬ್ಬ ನರ್ಸು, ಮಾತ್ರೆ ಕೊಡುವವರೊಬ್ಬರು. ಕೆಮ್ಮು, ಜ್ವರ, ಬಿ.ಪಿ., ಶುಗರು, ಬಸುರಿಯರ ತಪಾಸಣೆ ನಮ್ಮ ಪಾಲಿನದು. ಅದಕ್ಕೆ ಮೀರಿದ್ದನ್ನು ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ. ರೋಗಿಗಳ ಕಾರ್ಡುಗಳು ಆಯಾ ಕ್ಲಿನಿಕ್ಕಿನ ಬೀರುವಿನಲ್ಲಿ ಇರುತ್ತಿದ್ದವು. ಒಂದು ಊರಿನ ಬೀರುವಿನಲ್ಲಿ ಏನಿದೆ ಎಂದು ಇನ್ನೊಂದು ಊರಿಗೆ ಗೊತ್ತಿರಲಿಲ್ಲ. ಅದನ್ನು ನಾವು ಅನನುಕೂಲ ಎಂದುಕೊಂಡಿದ್ದೆವು.

ಟ್ರಸ್ಟಿನ ಕಾರ್ಯದರ್ಶಿಗಳು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಕೆಲಸ ಮಾಡಿದ ಗೊರೂರಿನಲ್ಲೇ ಮನೆ ಮಾಡಿಕೊಂಡು ನಿಂತವರು. ಒಂದು ದಿನ ನಮ್ಮನ್ನೆಲ್ಲ ಹಾಸನಕ್ಕೆ ಕರೆಸಿ, ಕಾರ್ಡುಗಳ ಕಾಲ ಮುಗಿಯಿತು, ಇನ್ನು ಎಲ್ಲ ದಾಖಲೆ ಕಂಪ್ಯೂಟರಿನಲ್ಲಿ, ನಾಲ್ಕೂ ಕ್ಲಿನಿಕ್ಕಿಗೆ ಒಂದೇ ದಾಖಲೆ ಎಂದರು. ತಂತ್ರಾಂಶಕ್ಕೆ ಯಾರಿಗೂ ಏನೂ ಕೊಡಬೇಕಾಗಿಲ್ಲ, ಅದು ಓಪನ್ ಸೋರ್ಸು ಎಂದರು. ಎಲ್ಲೆಲ್ಲಿಯವರೋ ಸೇರಿ ಬರೆದದ್ದು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಹೇಗಿದೆ ಎಂದು ಬಿಚ್ಚಿ ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು.

ನನಗೆ ಆ ಮಾತು ಕೇಳಿದಾಗಿನಿಂದಲೇ ಸರಿಬರಲಿಲ್ಲ. ಆಸ್ಪತ್ರೆಗೆ ಬೇಕಾದ ಯಾವ ವಸ್ತುವನ್ನೂ ನನಗೆ ಯಾರೂ ಸುಮ್ಮನೆ ಕೊಟ್ಟದ್ದಿಲ್ಲ. ಗೋಡೆಯ ಕ್ಯಾಲೆಂಡರನ್ನು ಕೊಟ್ಟ ಔಷಧಿ ಕಂಪನಿಯವನೂ ಅದರ ಬದಲಿಗೆ ಏನನ್ನೋ ಬಯಸುತ್ತಾನೆ. ಇಷ್ಟು ದೊಡ್ಡ ಕೆಲಸ ಮಾಡಿ ಹಾಗೇ ಕೊಡುವವರು ಯಾರು, ಅವರಿಗೇನು ಬೇಕು? ಎಲ್ಲರೂ ಒಳಗೆ ನೋಡಬಹುದು ಅಂದರೆ ನನ್ನ ರೋಗಿಗಳನ್ನೂ ನೋಡಬಹುದು ಅಂತಲೇ?

ಅದನ್ನು ಕೂಡಿಸಲು ಬಂದವಳು ಚನ್ನರಾಯಪಟ್ಟಣದ ಹೆಣ್ಣುಮಗಳು, ಮೂವತ್ತರ ಆಸುಪಾಸು. ಮೊದಲು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದಳಂತೆ. ನನ್ನ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳದೆ ಉತ್ತರ ಹೇಳಿದಳು. ಬಿಚ್ಚಿ ನೋಡಬಹುದಾದದ್ದು ತಂತ್ರಾಂಶವನ್ನು, ರೋಗಿಗಳ ವಿಷಯವನ್ನಲ್ಲ. "ಸಾರು ಹೆಂಗೆ ಮಾಡೋದು ಅಂತ ಎಲ್ಲರಿಗೂ ಗೊತ್ತು ಮೇಡಂ. ಅಷ್ಟಕ್ಕೇ ನಿಮ್ಮನೇಲಿ ಇವತ್ತು ಏನಡುಗೆ ಅಂತ ಬೀದಿಗೆ ಗೊತ್ತಾಗುತ್ತಾ?" ಎಂದಳು. ಮಾತು ಚೆನ್ನಾಗಿತ್ತು. ಚೆನ್ನಾಗಿ ಮಾತಾಡುವವರ ಮೇಲೆ ನನಗೆ ಇನ್ನೂ ಅನುಮಾನ ಜಾಸ್ತಿ.

ಬೇಸಿಗೆಯಲ್ಲಿ ಹಳೆಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆಯಿತು. ಆಮೇಲೆ ಒಂದು ದಿನ ಔಷಧಿ ಕಂಪನಿಯ ಪ್ರತಿನಿಧಿಯೊಬ್ಬ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಹೊಸ ಸಿಸ್ಟಮ್ಮು ಬಂದಿದೆಯಂತೆ, ಶುಗರಿನವರು ಯಾರ್‍ಯಾರಿದ್ದಾರೆ ಎಂದು ಈಗ ಒಂದೇ ಸಲಕ್ಕೆ ಸಿಗುತ್ತದಲ್ಲವೇ ಎಂದು ಕೇಳಿದ. ಅವನಿಗೆ ಯಾರು ಹೇಳಿದರು ಎಂದು ಕೇಳಿದರೆ ನಕ್ಕ. ಅವನನ್ನು ಕಳಿಸಿ, ಕೂಡಿಸಲು ಬಂದಿದ್ದ ಹೆಣ್ಣುಮಗಳ ಬಗ್ಗೆ, ಕಾರ್ಯದರ್ಶಿಗಳ ಬಗ್ಗೆ, ಮನಸ್ಸಿನಲ್ಲೇ ಏನೇನೋ ಜೋಡಿಸಿಕೊಂಡೆ.

ಅವತ್ತೇ ಒಂದು ಕೆಲಸ ಮಾಡಿದೆ. ಇಲ್ಲದ ಹೆಂಗಸೊಬ್ಬಳನ್ನು ಹುಟ್ಟಿಸಿ ಕಂಪ್ಯೂಟರಿಗೆ ಸೇರಿಸಿದೆ. ಐವತ್ತು ದಾಟಿದವಳು, ಶುಗರು ಏರಿದೆ, ಕಾಲಿನ ಗಾಯ ಮಾಯುತ್ತಿಲ್ಲ ಎಂದು ಬರೆದೆ. ಫೋನ್ ನಂಬರಿನ ಜಾಗದಲ್ಲಿ ನಾನು ಬಳಸದೆ ಬಿಟ್ಟಿದ್ದ ಹಳೆಯ ನಂಬರು ಹಾಕಿ, ಆ ಫೋನನ್ನು ಚಾರ್ಜು ಮಾಡಿ ಮೇಜಿನ ಖಾನೆಯಲ್ಲಿಟ್ಟೆ. ಶುಗರಿನ ಮಾತ್ರೆ ಮಾರುವವರು, ಇನ್ಶೂರೆನ್ಸಿನವರು, ಯಾರಾದರೂ ಈ ಹೆಂಗಸಿಗೆ ಫೋನು ಮಾಡಿದರೆ ಸೋರಿಕೆ ಇದೆ ಎಂದು ಖಾತ್ರಿಯಾಗುತ್ತಿತ್ತು.

ವಾರಗಟ್ಟಲೆ ಫೋನು ಸದ್ದು ಮಾಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಮಾಡಿತು. ನಾನು ಖಾನೆ ಎಳೆದು ಎತ್ತಿದೆ. ಆ ಕಡೆಯಿಂದ ಬಂದದ್ದು ಹಾಸನದ ನಮ್ಮದೇ ಕ್ಲಿನಿಕ್ಕಿನ ನರ್ಸಮ್ಮನ ಧ್ವನಿ. "ಅಮ್ಮಾ, ಕಾಲಿನ ಗಾಯ ಹೆಂಗಿದೆ? ಹೊಳೆನರಸೀಪುರ ದೂರ ಆದ್ರೆ ಇಲ್ಲಿಗೇ ಬನ್ನಿ, ನಿಮ್ಮ ವಿಷ್ಯ ಎಲ್ಲಾ ನಮಗೂ ಕಾಣುತ್ತೆ" ಎಂದರು, ಬಹಳ ಪ್ರೀತಿಯಿಂದ. ನಾನು ಧ್ವನಿ ಬದಲಾಯಿಸಿ ಆಗಲಿ ಎಂದು ಹೇಳಿ ಇಟ್ಟುಬಿಟ್ಟೆ. ಆಮೇಲೆ ಒಬ್ಬಳೇ ಕೂತು ನಕ್ಕೆ. ಹೊರಗಿನವರಾರೂ ಫೋನು ಮಾಡಿರಲಿಲ್ಲ, ಅದು ಸಮಾಧಾನ ತಂದಿತು. ಆ ಹೆಂಗಸನ್ನು ಅಳಿಸಿ ಹಾಕಿದೆ. ಆ ಕರೆಯಲ್ಲಿ ನಾನು ಹುಡುಕುತ್ತಿದ್ದ ಸೋರಿಕೆಯೇ ಮಾತಾಡಿತ್ತು ಎಂದು ಹೊಳೆಯಲಿಲ್ಲ. ನನ್ನ ಕಣ್ಣೆಲ್ಲ ಹೊರಗಿನವರು ಬರುವ ಬಾಗಿಲ ಮೇಲಿತ್ತು.

ನಾನು ಕೆಲವು ವರ್ಷಗಳಿಂದ ನೋಡುತ್ತಿದ್ದ ಒಬ್ಬ ಹುಡುಗಿ ಇದ್ದಳು. ಶಾಂತಿಗ್ರಾಮದ ಹತ್ತಿರದ ಹಳ್ಳಿಯವಳು. ಅಪ್ಪ ಡೇರಿಗೆ ಹಾಲು ಹಾಕುವ, ಸಾಕಷ್ಟು ಜಮೀನಿರುವ ಒಕ್ಕಲಿನ ಮನುಷ್ಯ. ಹುಡುಗಿಗೆ ಕಾಲೇಜಿನಲ್ಲಿದ್ದಾಗ ಮೂರ್ಛೆ ಶುರುವಾಗಿತ್ತು. ಮೈಸೂರಿನ ನರರೋಗ ತಜ್ಞರು ಮಾತ್ರೆ ಬರೆದುಕೊಟ್ಟಿದ್ದರು. ಆ ಮಾತ್ರೆ ಮುಂದುವರಿಸಿ, ಆಗಾಗ ನೋಡುವ ಕೆಲಸ ನನ್ನದು. ಹೆದ್ದಾರಿಯಲ್ಲೇ ಮನೆಯಿದ್ದರೂ, ಹಾಸನ ಚನ್ನರಾಯಪಟ್ಟಣ ಎರಡಕ್ಕೂ ನೇರ ಬಸ್ಸಿದ್ದರೂ ಅಪ್ಪ ಮಗಳು ಹೊಳೆನರಸೀಪುರಕ್ಕೆ ಬರುತ್ತಿದ್ದರು. ಮಾತ್ರೆ ಹತ್ತಿದ ಮೇಲೆ ಒಂದು ಸಲವೂ ಮೂರ್ಛೆ ಬಂದಿರಲಿಲ್ಲ. ಅವಳ ಮದುವೆ ಸಾಲಗಾಮೆಯ ಕಡೆಯ ಒಳ್ಳೆಯ ಮನೆತನಕ್ಕೆ ನಿಶ್ಚಯವಾಯಿತು. ಹುಡುಗನಿಗೆ ವಿಷಯ ಹೇಳಿಬಿಡಿ ಎಂದು ನಾನು ಅಪ್ಪನಿಗೆ ಹೇಳಿದ್ದೆ. ಅವರು ಹ್ಞೂಂ ಎಂದರು. ಹೇಳುವುದಿಲ್ಲ ಎಂದು ಆ ಹ್ಞೂಂನಲ್ಲೇ ಗೊತ್ತಾಗಿತ್ತು.

ಮದುವೆಯಾದ ಮೇಲೆ ಅವಳು ಬರುವುದು ನಿಂತಿತು. ಗಂಡನ ಊರಿನಿಂದ ಹೇಗೋ ವ್ಯವಸ್ಥೆ ಮಾಡಿಕೊಂಡಿರಬೇಕು ಎಂದುಕೊಂಡೆ. ಮಳೆಗಾಲ ಮುಗಿಯುವ ಹೊತ್ತಿಗೆ, ಕ್ಲಿನಿಕ್ಕಿನಲ್ಲಿ ಜನ ಕಡಿಮೆಯಾದ ಒಂದು ಮಧ್ಯಾಹ್ನ, ಒಬ್ಬಳೇ ಬಂದು ನನ್ನ ಮುಂದೆ ನಿಂತಳು. ಕೂರು ಎಂದರೆ ಕೂರಲಿಲ್ಲ.

"ನಿಮ್ಮತ್ರ ಹೇಳ್ಕೊಂಡಿದ್ದು ಹಾಸನಕ್ಕೆ ಹೆಂಗೆ ಹೋಯ್ತು ಮೇಡಂ?"

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಬಸುರಿ ಎಂದು ಗೊತ್ತಾದ ಮೇಲೆ ಅತ್ತೆ ಅವಳನ್ನು ತಪಾಸಣೆಗೆ ಹಾಸನದ ನಮ್ಮ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಅದೂ ಇದೂ ಒಂದೇ ಟ್ರಸ್ಟಿನದು ಎಂದು ಇವಳಿಗೆ ಗೊತ್ತಿತ್ತು, ಆದರೆ ಎರಡಕ್ಕೂ ಒಂದೇ ಕಂಪ್ಯೂಟರು ಆಗಿದೆ ಎಂದು ಗೊತ್ತಿರಲಿಲ್ಲ. ಹೆಸರು, ಅಪ್ಪನ ಹೆಸರು, ಹುಟ್ಟಿದ ಊರು ಹೇಳಿದ ಕೂಡಲೇ ನರ್ಸಮ್ಮ ಖುಷಿಪಟ್ಟು, ನೀನು ನಮ್ಮಲ್ಲೇ ಇದೀಯಲ್ಲಮ್ಮ ಎಂದರಂತೆ. ಆಮೇಲೆ ತೆರೆ ನೋಡುತ್ತ, ಹೊಳೆನರಸೀಪುರದ ಮೇಡಂ ಬರೆದ ಫಿಟ್ಸಿನ ಮಾತ್ರೆ ಈಗಲೂ ತಗೊಳ್ತಾ ಇದೀಯಾ, ನಿಲ್ಲಿಸಬಾರದು ಕಣಮ್ಮ, ಬಸುರಿನಲ್ಲಿ ತೊಂದರೆ ಆಗುತ್ತೆ ಎಂದರಂತೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು.

"ಏನಂದ್ರು ನಿಮ್ಮತ್ತೆ?" ಎಂದು ಕೇಳಿದೆ.

ಏನೂ ಅನ್ನಲಿಲ್ಲವಂತೆ. ಕ್ಲಿನಿಕ್ಕಿನಲ್ಲಿ ಅನ್ನಲಿಲ್ಲ, ಬಸ್ಸಿನಲ್ಲಿ ಅನ್ನಲಿಲ್ಲ, ಮನೆಗೆ ಹೋದಮೇಲೂ ತಮ್ಮ ಗಂಡನ ಮುಂದೆ, ಮಗನ ಮುಂದೆ ಬಾಯಿ ಬಿಡಲಿಲ್ಲ. ಎಂದಿನ ಹಾಗೆ ಹಾಲು ಕರೆದರು, ಮುದ್ದೆ ತೊಳಸಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಸುಮ್ಮನಿರುವುದು ಯಾಕೆ ಎಂದು ಹುಡುಗಿಗೆ ಊಟ ಸೇರುತ್ತಿರಲಿಲ್ಲ. ಹೆರಿಗೆಗೆ ತವರಿಗೆ ಕಳಿಸಿ ಮತ್ತೆ ಕರೆಸಿಕೊಳ್ಳದೇ ಇರುವ ಹವಣಿಕೆ ಇರಬೇಕು ಎಂದು ಅವಳ ಅನುಮಾನ. ಅಪ್ಪನಿಗೂ ಅದೇ ಅನುಮಾನ.

ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ನಾನೂ ಕೇಳಲೇಬೇಕಾಯಿತು. ಮದುವೆಯಾದಾಗಿನಿಂದ ಬಿಟ್ಟಿದ್ದಳು. ಆ ಮನೆಯಲ್ಲಿ ಮಾತ್ರೆ ಅಡಗಿಸಿಡುವ ಜಾಗ ಸಿಕ್ಕಿರಲಿಲ್ಲ. ಮೂರ್ಛೆ ಬಂದು ಬಿದ್ದಿದ್ದರೆ, ಅದೂ ಹೊಟ್ಟೆಯಲ್ಲಿ ಮಗು ಇರುವಾಗ, ಏನಾಗಬಹುದಿತ್ತು ಎಂದು ಅವಳಿಗೆ ಹೇಳಿದೆ. ಹಾಸನದ ನರ್ಸಮ್ಮ ಕೇಳಿದ್ದು ಕೇಳಲೇಬೇಕಾದ ಪ್ರಶ್ನೆ, ಕೇಳಿದ ರೀತಿ ಮಾತ್ರ ತಪ್ಪು ಎಂದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀವು ಬರ್ಕೊಂಡಿದ್ದು ಸರಿ ಮೇಡಂ. ಇನ್ನೊಬ್ರಿಗೆ ತೋರ್ಸೋ ಮುಂಚೆ ನನ್ನ ಒಂದ್ ಮಾತು ಯಾರೂ ಕೇಳ್ಲಿಲ್ಲ."

ಮಾತ್ರೆ ಬರೆದುಕೊಟ್ಟೆ. ತಜ್ಞರಿಗೆ ಅವಳ ಎದುರಿಗೇ ಫೋನು ಮಾಡಿ ಪ್ರಮಾಣ ಕೇಳಿಕೊಂಡೆ. ಅವಳು ಮಾತ್ರೆ ತೆಗೆದುಕೊಂಡು, ಇದನ್ನೂ ಕಂಪ್ಯೂಟರಿನಲ್ಲಿ ಬರೆಯುತ್ತೀರಾ ಎಂದು ಕೇಳಿದಳು. ಬರೆಯಲೇಬೇಕು ಎಂದೆ. ತಲೆಯಾಡಿಸಿ ಹೊರಟುಹೋದಳು.

ನಾನು ಹಾಸನದ ನರ್ಸಮ್ಮನಿಗೆ ಫೋನು ಮಾಡಿ ರೇಗಿದೆ. ಪಾಪ, ಅವರು ಅತ್ತುಬಿಟ್ಟರು. ತೆರೆಯ ಮೇಲೆ ಕಂಡದ್ದನ್ನು ಕೇಳಿದೆ, ಅತ್ತೆಗೆ ಗೊತ್ತಿಲ್ಲ ಎಂದು ತೆರೆಯ ಮೇಲೆ ಬರೆದಿರಲಿಲ್ಲವಲ್ಲ ಎಂದರು. ಅದೂ ನಿಜವೇ. ಆ ವಾರವೇ ಕಾರ್ಯದರ್ಶಿಗಳನ್ನೂ ತಂತ್ರಾಂಶದ ಹೆಣ್ಣುಮಗಳನ್ನೂ ಹೊಳೆನರಸೀಪುರಕ್ಕೆ ಕರೆಸಿದೆ. ಇದನ್ನು ನಿಲ್ಲಿಸಿ, ನನಗೆ ನನ್ನ ಕಾರ್ಡು ಬೀರು ಸಾಕು ಎಂದೆ. ಕಾರ್ಯದರ್ಶಿಗಳು ಒಪ್ಪಲಿಲ್ಲ. ಆ ಹುಡುಗಿ ಮಾತ್ರೆ ಬಿಟ್ಟಿದ್ದಾಳೆ ಎಂದು ಗೊತ್ತಾದದ್ದೇ ಇದರಿಂದ, ಇಲ್ಲವಾದರೆ ಯಾರಿಗೂ ಗೊತ್ತಾಗದೆ ಎಲ್ಲೋ ಬಿದ್ದು ಹೋಗುತ್ತಿದ್ದಳು ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, ಯಾರಿಗೆ ಎಷ್ಟು ಕಾಣಬೇಕು ಎಂದು ಕಟ್ಟು ಹಾಕುವ ಸೌಕರ್ಯ ಇದರಲ್ಲಿ ಮೊದಲಿಂದಲೂ ಇದೆ ಎಂದಳು. ನಾಲ್ಕೂ ಕಡೆಯವರು ಎಲ್ಲರಿಗೂ ಎಲ್ಲವೂ ಕಾಣಲಿ ಎಂದಿದ್ದರು, ಹಾಗಾಗಿ ಹಾಗೇ ಮಾಡಿದ್ದಳು. "ನೀವು ಕೇಳಿದ್ದೆಲ್ಲ ಹೊರಗಿನೋರ ವಿಷ್ಯ ಮೇಡಂ. ಒಳಗಿನೋರ ವಿಷ್ಯ ಯಾರೂ ಕೇಳ್ಲಿಲ್ಲ" ಎಂದಳು. ಇರುವ ಸೌಕರ್ಯ ನಮಗೆ ಸಾಕಾಗದು ಎಂದೂ ಅವಳೇ ಹೇಳಿದಳು. ಇದ್ದದ್ದು ಡಾಕ್ಟರಿಗೆ ಇಷ್ಟು, ನರ್ಸಿಗೆ ಇಷ್ಟು ಎಂದು ಹಾಕುವ ಕಟ್ಟು, ನಮಗೆ ಬೇಕಾದದ್ದು ಊರೂರಿನ ನಡುವಿನ ಕಟ್ಟು. ಅಂಥದ್ದನ್ನು ಬೇರೆ ಯಾವುದೋ ದೇಶದ ಹಳ್ಳಿ ಆಸ್ಪತ್ರೆಯವರು ತಮಗಾಗಿ ಮಾಡಿಕೊಂಡಿದ್ದರಂತೆ. ಅವರಿಗೆ ಬರೆದಳು. ಅವರು ಮಾಡಿದ್ದನ್ನು ಹಾಗೇ ಕಳಿಸಿಕೊಟ್ಟರು. ಅಲ್ಲಿಯೂ ಜನ ಗುರುತಿನವರಿಲ್ಲದ ಊರಿನ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ ಎಂದು ಕೇಳಿ ನನಗೆ ಆ ಕಾಣದ ಜನರ ಮೇಲೆ ಮೊದಲ ಸಲ ಸ್ವಲ್ಪ ನಂಬಿಕೆ ಬಂತು. ಅವಳು ಅದನ್ನು ನಮ್ಮಲ್ಲಿ ಕೂಡಿಸಿದಳು. ಇನ್ನು ಮೇಲೆ ಒಂದು ಊರಿನಲ್ಲಿ ಬರೆದದ್ದು ಇನ್ನೊಂದು ಊರಿನಲ್ಲಿ ಕಾಣಬೇಕಾದರೆ ರೋಗಿ ಒಪ್ಪಬೇಕು. ಜೀವಕ್ಕೆ ಅಪಾಯವಿದ್ದರೆ ಡಾಕ್ಟರು ತೆರೆಯಬಹುದು, ಯಾಕೆ ತೆರೆದೆ ಎಂದು ಬರೆದು.

ಇದೆಲ್ಲ ಮುಗಿದ ಕೆಲವು ದಿನಕ್ಕೆ ಐವತ್ತೈದರ ಸುಮಾರಿನ ಹೆಂಗಸೊಬ್ಬರು ಬಂದು ಸರದಿಯಲ್ಲಿ ಕೂತರು. ಎಲ್ಲರೂ ಹೋದಮೇಲೆ ಎದ್ದು ಒಳಗೆ ಬಂದರು. ಸಾಲಗಾಮೆ ಕಡೆಯವರು, ಸೊಸೆಯ ಹೆಸರು ಹೇಳಿದರು. ಜಗಳಕ್ಕೇ ಬಂದಿದ್ದಾರೆ ಎಂದು ನಾನು ಗಟ್ಟಿಯಾಗಿ ಕೂತೆ. ಮದುವೆ ಮುಂಚೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ.

"ನಾ ಜಗಳ ಆಡಕ್ ಬಂದಿಲ್ಲ ಕಣವ್ವ," ಎಂದರು. ಎದ್ದು ಬಾಗಿಲು ಸರಿಯಾಗಿ ಹಾಕಿದೆಯೇ ನೋಡಿ ಬಂದು ಕೂತರು. "ಆ ಕಂಪೂಟ್ರಲ್ಲಿ ನಂದೇನ್ ಬರ್ದಿದೀರಾ, ಅದ ನಂಗೆ ಓದಿ ಏಳಿ."

ಅವರ ತವರು ಅರಕಲಗೂಡಿನ ಹತ್ತಿರ. ಎರಡನೇ ಮಗು ತೀರಿಕೊಂಡ ಮೇಲೆ ನಿದ್ದೆ ಹಾರಿಹೋಯಿತು, ಬಾವಿಯ ಹತ್ತಿರ ಹೋಗಲು ಭಯವಾಗುತ್ತಿತ್ತು. ತವರಿಗೆ ಹೋದಾಗ ಅರಕಲಗೂಡಿನ ನಮ್ಮ ಕ್ಲಿನಿಕ್ಕಿನ ಡಾಕ್ಟರು ಮನಸ್ಸಿಗೆ ಮಾತ್ರೆ ಕೊಟ್ಟಿದ್ದರು. ಅಂದಿನಿಂದ ಅದನ್ನು ಬಿಟ್ಟಿಲ್ಲ. ಮನೆಯವರಿಗೆಲ್ಲ ಬಿ.ಪಿ. ಮಾತ್ರೆ ಎಂದು ಹೇಳಿದ್ದಾರೆ. ಗಂಡನಿಗೂ ಗೊತ್ತಿಲ್ಲ. ಹಾಸನದಲ್ಲಿ ನರ್ಸಮ್ಮ ಸೊಸೆಯ ವಿಷಯ ಓದಿದಾಗ ಅವರಿಗೆ ಮೊದಲು ಹೊಳೆದದ್ದು, ಮಂಡಿ ನೋವಿಗೆಂದು ತಾವೂ ಅದೇ ಕ್ಲಿನಿಕ್ಕಿಗೆ ಹೋಗಿದ್ದ ವಿಷಯ.

"ಇವಳ್ದು ಓದ್ದಂಗೆ ನಾಳೆ ನಂದೂ ಓದ್ಬುಟ್ರೆ? ಉಚ್ಚಿ ಅಂತಾರೆ ಕಣವ್ವ ಊರಲ್ಲಿ. ಸೊಸೆ ಮುಂದೆ ನಾನು ಎಂಗ್ ತಲೆ ಎತ್ಕಂಡಿರ್ಲಿ?"

ಅದಕ್ಕೇ ಸುಮ್ಮನಿದ್ದಿರಾ ಎಂದು ಕೇಳಿದೆ. ಸೆರಗಿನ ಅಂಚು ಮಡಚಿದರು, ಬಿಡಿಸಿದರು. ಮಗನಿಗೆ ಹೇಳಬೇಕೆಂದು ಬಾಯಿಯವರೆಗೂ ಬಂದಿತ್ತಂತೆ. ಹೇಳಿದರೆ ಅವನು ಹಾಸನಕ್ಕೆ ಹೋಗಿ ಕಂಪ್ಯೂಟರು ತೆಗೆಸುತ್ತಾನೆ, ಆಗ ಏನೇನು ಬರುತ್ತದೋ ಎಂದು ಹೆದರಿಕೆಯಾಯಿತಂತೆ. ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಬಸ್ಸಲ್ಲಿ ಅವಳ ಕೈ ನಡುಗ್ತಾ ಇತ್ತು. ನಂಗೂ ಅಂಗೇ ನಡುಗೋದು" ಎಂದರು. ಮರುಗಳಿಗೆಯೇ ಧ್ವನಿ ಬಿಗಿ ಮಾಡಿಕೊಂಡು, ಮುಚ್ಚಿಟ್ಟು ಮದುವೆ ಮಾಡಿದ್ದನ್ನು ತಾವು ಮರೆತಿಲ್ಲ ಎಂದೂ ಹೇಳಿದರು.

ಅವರು ಒಪ್ಪಿ, ಅವರ ದಾಖಲೆ ನನ್ನ ತೆರೆಯ ಮೇಲೆ ಬಂದಾಗ, ಅದು ಇಂಗ್ಲಿಷಿನಲ್ಲಿದೆ, ನೀವು ಬೇಕಾದ್ದು ಓದಿ ಬೇಡದ್ದು ಬಿಟ್ಟರೆ ನನಗೇನು ಗೊತ್ತಾಗುತ್ತದೆ ಎಂದರು. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಮಗುವಿನ ವಿಷಯ ಬಂದಾಗ ಕಿಟಕಿಯ ಕಡೆ ತಿರುಗಿದರು. ಅಳಿಸಿಬಿಡಿ ಎಂದರು. ಅಳಿಸುವಂತಿಲ್ಲ, ನಾಳೆ ನಿಮಗೇ ಬೇರೆ ಮಾತ್ರೆ ಕೊಡುವಾಗ ಡಾಕ್ಟರಿಗೆ ಇದು ಬೇಕಾಗುತ್ತದೆ, ಆದರೆ ಹಾಸನದವರಿಗೆ ಕಾಣದ ಹಾಗೆ ಮುಚ್ಚಿದೆ ಎಂದು ಹೇಳಿದೆ. ನಂಬಲಿಲ್ಲ. ನನ್ನೆದುರಿಗೇ ಹಾಸನಕ್ಕೆ ಫೋನು ಮಾಡಿ ಕೇಳಿ ಎಂದರು.

ಅವರ ಹೆಸರು ಹೇಳದೆ, ಬರೀ ದಾಖಲೆಯ ನಂಬರು ಕೊಟ್ಟು, ಸಿಸ್ಟಮ್ಮು ಸರಿಯಿದೆಯೇ ನೋಡುತ್ತಿದ್ದೇನೆ, ಏನು ಕಾಣುತ್ತದೆ ಹೇಳಿ ಎಂದು ನರ್ಸಮ್ಮನನ್ನು ಕೇಳಿದೆ. ಫೋನನ್ನು ಇಬ್ಬರಿಗೂ ಕೇಳುವ ಹಾಗೆ ಇಟ್ಟಿದ್ದೆ. ಮಂಡಿ ನೋವು ಎಂದಷ್ಟೇ ಇದೆ, ಕೆಳಗೆ ಏನೂ ಇಲ್ಲ ಮೇಡಂ ಎಂದು ನರ್ಸಮ್ಮ ಹೇಳಿದರು. ಹೆಂಗಸು ಫೋನಿನ ಹತ್ತಿರಕ್ಕೆ ಬಾಗಿ ಕೇಳಿದರು. ಫೋನು ಇಟ್ಟಮೇಲೆ, "ಇವತ್ತು ಇಲ್ಲ ಅಂದ್ಳು, ಸರಿ. ನಾಳೆ?" ಎಂದರು.

ನಾಳೆಯದಕ್ಕೆ ನಾನು ಏನು ಭರವಸೆ ಕೊಡಲಿ? ನನಗೂ ಇಷ್ಟು ದಿನ ಇದ್ದ ಪ್ರಶ್ನೆ ಅದೇ. ಅಷ್ಟೂ ಹೇಳಿದೆ. ಅವರು, ಖಂಡಿತ ಏನೂ ಆಗಲ್ಲ ಅಂದಿದ್ದರೆ ನಂಬುತ್ತಿರಲಿಲ್ಲ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ಸೊಸೆ ಮಾತ್ರೆ ಬಿಡದೆ ತೆಗೆದುಕೊಂಡಳು. ಆ ಮಾತ್ರೆಯನ್ನು ಅಡುಗೆಮನೆಯ ಗೂಡಿನಲ್ಲಿ ತಮ್ಮ ಮಾತ್ರೆಯ ಪಕ್ಕದಲ್ಲೇ ಇಡು ಎಂದು ಅತ್ತೆಯೇ ಹೇಳಿದರಂತೆ. ಹೆರಿಗೆ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಸಲೀಸಾಗಿ ಆಯಿತು, ಹೆಣ್ಣು ಮಗು. ಗಂಡನಿಗೆ ವಿಷಯವನ್ನು ಹುಡುಗಿಯೇ ಆಮೇಲೆ ಹೇಳಿದಳು. ಅವನು ಕೆಲವು ದಿನ ಮಾತು ಬಿಟ್ಟಿದ್ದ, ಮಾವನ ಮೇಲೆ ಇನ್ನೂ ಸಿಟ್ಟಿದೆ. ಬಾಣಂತನ ಮುಗಿದ ಮೇಲೆ ಕರೆತರಲು ತವರಿಗೆ ಹೋದವರು ಅತ್ತೆ.

ಮೊನ್ನೆ ಅತ್ತೆ ಸೊಸೆ ಮಗು ಮೂವರೂ ಬಂದಿದ್ದರು. ಅತ್ತೆ ಮಗುವನ್ನೆತ್ತಿಕೊಂಡು ಹೊರಗೆ ಬೆಂಚಿನ ಮೇಲೆ ಕೂತರು, ನನ್ನನ್ನು ಗುರುತೇ ಇಲ್ಲದವರ ಹಾಗೆ ನೋಡಿದರು. ಸೊಸೆ ಒಳಗೆ ಬಂದು, ಮಾತ್ರೆ ಬರೆಸಿಕೊಂಡು, ಧ್ವನಿ ತಗ್ಗಿಸಿ ಹೇಳಿದಳು.

"ಅತ್ತೆ ಅವತ್ತು ಯಾಕೆ ಸುಮ್ನಾದ್ರು ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ ಮೇಡಂ. ಇಷ್ಟ್ ಚೆನ್ನಾಗಿ ನೋಡ್ಕೊತಾರೆ. ಏನೋ ಮನಸ್ಸಲ್ಲಿ ಇಟ್ಕೊಂಡೇ ಮಾಡ್ತಾರೇನೋ ಅನ್ಸುತ್ತೆ."

ಒಳ್ಳೆಯವರು ಎಂದುಕೊಳ್ಳಬಾರದೇಕೆ ಎಂದೆ. ಅವಳು ತಟ್ಟನೆ ತಲೆಯೆತ್ತಿದಳು. ಆ ನೋಟ ನನಗೆ ಗೊತ್ತಿತ್ತು. ಮಳೆಗಾಲದ ಕೊನೆಗೆ ಇದೇ ಮೇಜಿನ ಮುಂದೆ ಕೂರದೆ ನಿಂತಾಗ ಇದ್ದ ನೋಟ.

"ಅತ್ತೆ ನಿಮ್ಮತ್ರ ಬಂದಿದ್ರಾ?"

"ನನ್ನತ್ರ ಯಾರ್ ಬಂದಿದ್ರು ಅಂತ ನಾನು ಯಾರಿಗೂ ಹೇಳಲ್ಲಮ್ಮ," ಎಂದೆ. ಅವಳು ಹ್ಞೂಂ ಎಂದು ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡಳು. ಹೊರಗೆ ಹೋಗಿ ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು.